ಗಂಡುಗಲಿ ಒಳ್ಳೆಯವನೇ?

ಹಂಪಸಾಗರದ ಸುತ್ತಿನ ನಮ್ಮ ಸೀಮೆಗೆ ವೀರಗಲ್ಲು ಹೊಸದಲ್ಲ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಸತ್ತವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಕೈಲಾಸದಲ್ಲಿ ಲಿಂಗದ ಮುಂದೆ ಕೂತ ವೀರ. ಅವನು ಊರ ದನ ಉಳಿಸಲು ಸತ್ತನೋ, ಪರರ ದನ ಹೊಡೆದು ತರಲು ಹೋಗಿ ಸತ್ತನೋ? ಬರಹವಿಲ್ಲದ ಕಲ್ಲು ಹೇಳುವುದಿಲ್ಲ. ಯಾವ ರಾಜನ ಪಾಠ ಮಾಡಿದರೂ ತರಗತಿಯ ಮಕ್ಕಳು ಮಾತ್ರ ಕೇಳಿಯೇ ಕೇಳುತ್ತಾರೆ: “ಅವನು ಒಳ್ಳೆಯವನಾ ಟೀಚರ್?”

ಶಂಕರ್‌ನಾಗ್ ಅವರ ಗಂಡುಗಲಿಯ ಬಗ್ಗೆ ಈ ಪ್ರಶ್ನೆ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. 1978ರಲ್ಲಿ ಗಿರೀಶ ಕಾರ್ನಾಡರು ನಿರ್ದೇಶಿಸಿದ ‘ಒಂದಾನೊಂದು ಕಾಲದಲ್ಲಿ’ ಚಿತ್ರದ ಈ ಗಂಡುಗಲಿ ಕೂಲಿ ಸೈನಿಕ. ಹಗೆ ಸಾಧಿಸುವ ಇಬ್ಬರು ಒಡಹುಟ್ಟಿದ ನಾಯಕರಲ್ಲಿ ಒಬ್ಬನಿಗೆ ಕತ್ತಿ ಮಾರಿಕೊಂಡವನು. ಧರ್ಮ ಯಾರ ಕಡೆ ಎಂಬ ಗೊಡವೆ ಅವನಿಗಿಲ್ಲ. ಅವನ ಗೌರವವೆಲ್ಲ ಎದುರು ಪಕ್ಷದ ದಂಡನಾಯಕ ಪೆರ್ಮಾಡಿಗೆ. ಆ ಪಾತ್ರ ಸುಂದರಕೃಷ್ಣ ಅರಸು ಅವರದು. ಕಸುಬು ಬಲ್ಲವನಿಗೆ ಕಸುಬುದಾರನೇ ನೆಂಟ.

ಈ ಚಿತ್ರಕ್ಕೆ ಜಪಾನಿನ ಕುರೊಸಾವಾ ಅವರ ಸಮುರಾಯ್ ಚಿತ್ರಗಳು ಪ್ರೇರಣೆ. ಅದೇ ಕುರೊಸಾವಾ ಅವರ ‘ಯೊಜಿಂಬೊ’ ಕಥೆ 1964ರಲ್ಲಿ ಇಟಲಿಯವರ ಕೈಯಲ್ಲಿ ಕುದುರೆ, ಪಿಸ್ತೂಲುಗಳ ಚಿತ್ರವಾಗಿ ಕ್ಲಿಂಟ್ ಈಸ್ಟ್‌ವುಡ್ ಅವರನ್ನು ಜಗತ್ತಿಗೆ ಪರಿಚಯಿಸಿತ್ತು. ಒಂದೇ ಬಳ್ಳಿಯ ಎರಡು ಕಾಯಿ!

ರಾಜಕುಮಾರ್ ಅವರ ಸಾತ್ವಿಕ ನಾಯಕನಿಗೆ ಒಗ್ಗಿದ್ದವರು ನಾವು. 1972ರ ‘ನಾಗರಹಾವು’ ಚಿತ್ರದ ರಾಮಾಚಾರಿ ಒರಟನಾದರೂ ನಮ್ಮ ಕಣ್ಣೀರು ಬೇಡುತ್ತಿದ್ದ. ಗಂಡುಗಲಿ ಏನನ್ನೂ ಬೇಡುವುದಿಲ್ಲ. ಆ ಪಾತ್ರಕ್ಕಾಗಿ ಶಂಕರ್‌ನಾಗ್ 1979ರಲ್ಲಿ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದ ಶ್ರೇಷ್ಠ ನಟರಾದರು.

ಮರುವರ್ಷವೇ ತಾವೇ ನಿರ್ದೇಶಿಸಿದ ‘ಮಿಂಚಿನ ಓಟ’ದಲ್ಲಿ ಕಾರು ಕಳ್ಳನಾದರು, ಜೊತೆಗೆ ಅಣ್ಣ ಅನಂತನಾಗ್, ಲೋಕನಾಥ್. ಜೈಲಿನಿಂದ ಓಡುವ ಆ ಕಳ್ಳರು ಸಿಕ್ಕಿಬೀಳದಿರಲಿ ಎಂದು ಹರಕೆ ಹೊತ್ತವರಂತೆ ಕೂತು ನೋಡಿದ ಗೃಹಿಣಿಯರನ್ನು ಬಲ್ಲೆ. ನಾನೂ ಒಬ್ಬಳು. ಮನೆಯಲ್ಲಿ ಮಗ ಒಂದು ರೂಪಾಯಿ ಲೆಕ್ಕ ತಪ್ಪಿಸಿದರೂ ಬಿಡುವವರಲ್ಲ ನಾವು!

ಆಟೋದವರು ತಮ್ಮ ಗಾಡಿಗೆ ಬರೆಸಿಕೊಂಡದ್ದು ‘ಆಟೋ ರಾಜ’ನನ್ನು. ಅದು ಅವರ ಪ್ರೀತಿ, ಸರಿಯೇ. ನನ್ನ ಓಟು ಗಂಡುಗಲಿಗೆ.

ಹರಪನಹಳ್ಳಿ ದಾಟಿ ದಾವಣಗೆರೆಗೆ ಹೋದರೆ ಅಲ್ಲಿಂದ ಆನಗೋಡು ಹತ್ತಿರ. 1990ರ ಸೆಪ್ಟೆಂಬರ್ 30ರಂದು ಅಲ್ಲಿ ನಡೆದ ರಸ್ತೆ ಅಪಘಾತದಲ್ಲಿ ಶಂಕರ್‌ನಾಗ್ ತೀರಿಕೊಂಡರು. ಹೊರಟಿದ್ದು ಲೋಕಾಪುರಕ್ಕೆ, ಕಂಬಾರರ ‘ಜೋಕುಮಾರಸ್ವಾಮಿ’ ನಾಟಕದ ಚಿತ್ರೀಕರಣಕ್ಕೆ. ಗೌಡನಿಗೆ ಎದುರು ನಿಂತ ಬಸಣ್ಣ, ಅವನನ್ನು ಕೂಡಿದ ಗೌಡತಿ, ಇವರ ಕಥೆ ಅದು. ಆಗ ಅವರಿಗೆ ಮೂವತ್ತೈದು.