ಫ್ಲ್ಯಾಟ್ ಪೆಡಲಿಗೆ ಶೂ: ಆಯ್ಕೆ ಹೇಗೆ?

ಮೌಂಟನ್ ಬೈಕ್ ಕೊಳ್ಳುವವರು ಗೇರು, ಡಿಸ್ಕ್ ಬ್ರೇಕು, ಸಸ್ಪೆನ್ಷನ್ ಕುರಿತು ವಾರಗಟ್ಟಲೆ ವಿಚಾರಿಸುತ್ತಾರೆ. ಕಾಲಿಗೆ ಏನು ತೊಡಬೇಕೆಂಬ ಪ್ರಶ್ನೆ ಹೆಚ್ಚಿನವರಿಗೆ ಹೊಳೆಯುವುದು ಕಲ್ಲು ತುಂಬಿದ ಇಳಿಜಾರಿನಲ್ಲಿ ಪಾದ ಜಾರಿ, ಪೆಡಲು ಗಿರ್ರನೆ ತಿರುಗಿ ಕಣಕಾಲಿನ ಮೂಳೆಗೆ ಬಡಿದ ನಂತರವೇ. ಫ್ಲ್ಯಾಟ್ ಪೆಡಲ್ ಬಳಸುವವರನ್ನು ಕಣಕಾಲಿನ ಗೀರುಗಳಿಂದಲೇ ಗುರುತಿಸಬಹುದೆಂಬುದು ಸವಾರರ ನಡುವಿನ ತಮಾಷೆ. ಆದರೆ ಅಪಾಯ ಗೀರಿನಲ್ಲೇ ನಿಲ್ಲುವುದಿಲ್ಲ. ವೇಗವಾಗಿ ಇಳಿಯುವಾಗ ಒಂದು ಪಾದ ಪೆಡಲು ಬಿಟ್ಟರೆ ದೇಹದ ಸಮತೋಲ ತಪ್ಪಿ ಭಾರವೆಲ್ಲ ಹ್ಯಾಂಡಲ್ ಮೇಲೆ ಬೀಳುತ್ತದೆ. ಸವಾರ ಮುಂದಕ್ಕೆ ಎಸೆಯಲ್ಪಡಬಹುದು.

ಈ ಶೂಗಳ ಆಯ್ಕೆಯಲ್ಲಿ ಮೊದಲು ಗಮನಿಸಬೇಕಾದದ್ದು ಅಡಿಯ ರಬ್ಬರು. ಬಣ್ಣ, ಬ್ರ್ಯಾಂಡು, ತೂಕ ಎಲ್ಲವೂ ಅನಂತರದ ಮಾತು. ಆ ರಬ್ಬರು ಕೂಡ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಅದಕ್ಕೆ ತಕ್ಕ ಪೆಡಲೂ ಬೇಕು.

ಎರಡು ಬಗೆಯ ಪೆಡಲು

ಒಂದು ಬಗೆಯಲ್ಲಿ ಶೂವಿನ ಅಡಿಗೆ ಲೋಹದ ಕ್ಲೀಟ್ ಇರುತ್ತದೆ. ಅದು ಪೆಡಲಿಗೆ ಕಚ್ಚಿಕೊಳ್ಳುತ್ತದೆ. ಇದಕ್ಕೆ ಕ್ಲಿಪ್‌ಲೆಸ್ ಎಂಬ ಹೆಸರು. ಕಚ್ಚಿಕೊಳ್ಳುವ ಪೆಡಲಿಗೆ ಕ್ಲಿಪ್ ಇಲ್ಲದ್ದೆಂಬ ಹೆಸರೇ ಎಂದು ಅಚ್ಚರಿಪಡಬೇಕಿಲ್ಲ. ಹಿಂದೆ ಕಾಲ್ಬೆರಳುಗಳ ಮೇಲೆ ಬಿಗಿಯುತ್ತಿದ್ದ ಪಟ್ಟಿ ಮತ್ತು ಪಂಜರವನ್ನು ಕ್ಲಿಪ್ ಎನ್ನುತ್ತಿದ್ದರು. 1980ರ ದಶಕದಲ್ಲಿ ಬಂದ ಹೊಸ ಪೆಡಲುಗಳಲ್ಲಿ ಅದು ಇಲ್ಲವಾಯಿತು. ಹೆಸರು ಮಾತ್ರ ಉಳಿಯಿತು.

ಇನ್ನೊಂದು ಬಗೆಯೇ ಫ್ಲ್ಯಾಟ್. ಅಂಗೈಯಗಲದ ಸಮತಟ್ಟು ಹಲಗೆ, ಅದರ ಎರಡೂ ಮಗ್ಗುಲಿನಲ್ಲಿ ಪಿನ್ ಎಂದು ಕರೆಯುವ ಗಿಡ್ಡ ಲೋಹದ ಮೊಳೆಗಳು. ಪಾದವನ್ನು ಬೇಕೆಂದಾಗ ಎತ್ತಿ ನೆಲಕ್ಕೂರಬಹುದು. ಕಲಿಯುವವರಿಗೆ ಇದು ದೊಡ್ಡ ಧೈರ್ಯ. ಹಾಗೆಂದು ಇದು ಕಲಿಯುವವರಿಗೆ ಮಾತ್ರ ಎಂಬ ಅಭಿಪ್ರಾಯ ಸರಿಯಲ್ಲ. ಆಸ್ಟ್ರೇಲಿಯಾದ ಸ್ಯಾಮ್ ಹಿಲ್ 2006, 2007 ಮತ್ತು 2010ರಲ್ಲಿ ಡೌನ್‌ಹಿಲ್ ವಿಶ್ವ ಚಾಂಪಿಯನ್ ಆದದ್ದು ಫ್ಲ್ಯಾಟ್ ಪೆಡಲ್ ತುಳಿದೇ. ಏರು ಇಳಿವುಗಳೆರಡೂ ಇರುವ ಎಂಡ್ಯೂರೊ ವಿಶ್ವ ಸರಣಿಯನ್ನು 2017ರಿಂದ 2019ರವರೆಗೆ ಸತತ ಮೂರು ವರ್ಷ ಗೆದ್ದಾಗಲೂ, ಎದುರಾಳಿಗಳಲ್ಲಿ ಬಹುಪಾಲು ಮಂದಿ ಕ್ಲೀಟ್ ಹಾಕಿಕೊಂಡಿದ್ದರೂ, ಆತ ಪೆಡಲು ಬದಲಿಸಲಿಲ್ಲ.

ಬಂಡೆಯಿಂದ ಬಂದ ರಬ್ಬರು

ಫ್ಲ್ಯಾಟ್ ಪೆಡಲಿನ ಮೇಲೆ ಪಾದ ನಿಲ್ಲುವುದು ಬರಿಯ ಘರ್ಷಣೆಯಿಂದಲ್ಲ. ಸವಾರನ ಭಾರಕ್ಕೆ ಮೆದು ರಬ್ಬರು ತಗ್ಗುತ್ತದೆ, ಪಿನ್ನುಗಳು ಅದರೊಳಕ್ಕೆ ಇಳಿಯುತ್ತವೆ, ರಬ್ಬರು ಅವುಗಳ ಸುತ್ತ ಹಬ್ಬಿ ಹಿಡಿಯುತ್ತದೆ. ಗಟ್ಟಿ ರಬ್ಬರಿನಲ್ಲಿ ಪಿನ್ ಇಳಿಯದೆ ಮೇಲ್ಮೈಯಲ್ಲಿಯೇ ಸರಿದಾಡುತ್ತದೆ.

ಮೆದುತನದಷ್ಟೇ ಮುಖ್ಯವಾದ ಇನ್ನೊಂದು ಗುಣವಿದೆ. ಅದನ್ನು ಅಂಗಡಿಯವರು ಹೇಳುವುದು ಕಡಿಮೆ. ಒತ್ತಿದ ರಬ್ಬರು ಎಷ್ಟು ಬೇಗ ಮೊದಲಿನ ಆಕಾರಕ್ಕೆ ಮರಳುತ್ತದೆ ಎಂಬುದು ಆ ಗುಣ. ಚೆಂಡಿನಂತೆ ಪುಟಿಯುವ ರಬ್ಬರಾದರೆ ಕಲ್ಲಿನ ಪ್ರತಿ ಏಟಿಗೂ ಪಾದವನ್ನು ಪೆಡಲಿನಿಂದ ಮೇಲಕ್ಕೆ ತಳ್ಳುತ್ತದೆ. ನಿಧಾನವಾಗಿ ಮರಳುವ ರಬ್ಬರು ಏಟನ್ನು ನುಂಗಿಕೊಂಡು ಪಾದವನ್ನು ಇದ್ದಲ್ಲೇ ಇರಿಸುತ್ತದೆ.

ಇಂಥ ರಬ್ಬರು ಸೈಕಲ್ ಲೋಕಕ್ಕೆ ಬಂದದ್ದು ಬಂಡೆ ಹತ್ತುವವರ ಮೂಲಕ. ಅಮೆರಿಕದ ಶಿಲಾರೋಹಿ ಚಾರ್ಲ್ಸ್ ಕೋಲ್ 1985ರಲ್ಲಿ ಆರಂಭಿಸಿದ ಫೈವ್ ಟೆನ್ ಕಂಪನಿ ಸ್ಟೆಲ್ತ್ ಎಂಬ ಅಂಟುಗುಣದ ರಬ್ಬರನ್ನು ಬಂಡೆ ಹತ್ತುವ ಶೂಗಳಿಗೆ ಬಳಸುತ್ತಿತ್ತು. ಕಂಪನಿಯ ಹೆಸರು ಕೂಡ ಬಂಡೆಗಳ ಕಠಿಣತೆ ಅಳೆಯುವ ಅಮೆರಿಕದ ಶ್ರೇಣಿಯೊಂದರಿಂದ ಬಂದದ್ದು. ಅದೇ ರಬ್ಬರನ್ನು ಸಮತಟ್ಟು ಸೋಲಿಗೆ ಅಳವಡಿಸಿದಾಗ ಡೌನ್‌ಹಿಲ್ ಸವಾರರು ಅದನ್ನು ಕೈಬಿಡಲಿಲ್ಲ. ಅನೇಕ ವರ್ಷ ಈ ಕ್ಷೇತ್ರದಲ್ಲಿ ಅದಕ್ಕೆ ಸರಿಸಾಟಿ ಇರಲಿಲ್ಲ. 2011ರಲ್ಲಿ ಕಂಪನಿಯನ್ನು ಅಡಿಡಾಸ್ ಕೊಂಡುಕೊಂಡಿತು. ಮುಂದೆ ಸ್ಪೆಷಲೈಸ್ಡ್, ಶಿಮಾನೊ, ರೈಡ್ ಕಾನ್ಸೆಪ್ಟ್ಸ್, ಕ್ರ್ಯಾಂಕ್‌ಬ್ರದರ್ಸ್ ಮೊದಲಾದವರೂ ತಮ್ಮದೇ ಮೆದು ರಬ್ಬರಿನ ಶೂಗಳನ್ನು ಮಾರುಕಟ್ಟೆಗೆ ತಂದರು. ಹೀಗಾಗಿ ಒಂದೇ ಹೆಸರಿಗೆ ಜೋತುಬೀಳುವ ಕಾಲ ಮುಗಿದಿದೆ. ಆದರೆ ಒಂದೇ ಕಂಪನಿ ಬೇರೆ ಬೇರೆ ಮಾದರಿಗಳಿಗೆ ಬೇರೆ ಬೇರೆ ರಬ್ಬರು ಬಳಸುವುದುಂಟು. ಬ್ರ್ಯಾಂಡ್ ನೋಡಿ ಕೊಳ್ಳುವವರು ಎಡವುವುದು ಇಲ್ಲಿಯೇ.

ಮನೆಯಲ್ಲಿರುವ ಶೂ ಸಾಲದೆ?

ಓಡುವ ಶೂ ಅತ್ಯಂತ ಸಾಮಾನ್ಯ ಆಯ್ಕೆ. ಅತ್ಯಂತ ಕೆಟ್ಟ ಆಯ್ಕೆಯೂ ಹೌದು. ಅದರ ಹಿಮ್ಮಡಿ ಎತ್ತರ, ತುದಿ ಮೇಲಕ್ಕೆ ಬಾಗಿದ್ದು, ಅಡಿಯಲ್ಲಿ ದಪ್ಪನೆಯ ಫೋಮ್. ಪಾದವನ್ನು ಮುಂದಕ್ಕೆ ಉರುಳಿಸುವುದಕ್ಕೆಂದೇ ಮಾಡಿದ ಆಕಾರ ಪೆಡಲಿನ ಮೇಲೂ ಅದನ್ನೇ ಮಾಡುತ್ತದೆ. ಮೆದು ಫೋಮು ಪಾದ ಮತ್ತು ಪೆಡಲಿನ ನಡುವೆ ಅತ್ತಿತ್ತ ಹೊರಳಾಡುವುದರಿಂದ ಪೆಡಲು ಎಲ್ಲಿದೆ ಎಂಬ ಅರಿವೇ ಮಸುಕಾಗುತ್ತದೆ.

ಚಾರಣದ ಬೂಟು ಭದ್ರವಾಗಿ ಕಾಣುತ್ತದೆ. ಆದರೆ ಅದರ ಅಡಿಯ ಆಳವಾದ ಹಲ್ಲುಗಳ ನಡುವಿನ ಸಂದಿಗೆ ಪಿನ್ನುಗಳು ಬಿದ್ದರೆ ಹಿಡಿಯುವುದಕ್ಕೆ ರಬ್ಬರೇ ಸಿಗುವುದಿಲ್ಲ. ಹಲ್ಲಿನ ಅಂಚಿಗೆ ತಾಗಿದರೆ ಪಾದ ನಮಗೆ ಬೇಡವಾದ ಜಾಗದಲ್ಲಿ ಸಿಕ್ಕಿಕೊಳ್ಳುತ್ತದೆ. ಸ್ಕೇಟ್‌ಬೋರ್ಡ್ ಶೂಗಳು ಇವೆರಡಕ್ಕಿಂತ ಉತ್ತಮ. ಸಮತಟ್ಟು ಸೋಲು, ಸಣ್ಣ ವಿನ್ಯಾಸ, ತಕ್ಕಮಟ್ಟಿಗೆ ಮೆದು ರಬ್ಬರು. ವ್ಯಾನ್ಸ್ ಕಂಪನಿಯ ದೋಸೆಯಚ್ಚಿನಂಥ ಸೋಲಿನ ಶೂಗಳನ್ನು ಬಿಎಂಎಕ್ಸ್ ಸವಾರರು ದಶಕಗಳಿಂದ ನೆಚ್ಚಿಕೊಂಡಿದ್ದಾರೆ. ಶಾಲೆಯ ದಿನಗಳ ಬಿಳಿ ಕ್ಯಾನ್ವಾಸ್ ಶೂ ಕೂಡ, ಹೇಳಿದರೆ ನಗು ಬರಬಹುದು, ದುಬಾರಿ ಓಡುವ ಶೂಗಿಂತ ಪೆಡಲಿನ ಮೇಲೆ ಹೆಚ್ಚು ನೆಟ್ಟಗೆ ಕೂರುತ್ತದೆ. ಇವುಗಳ ಕೊರತೆ ಬೇರೆ: ತೆಳುವಾದ ಸೋಲಿನಿಂದ ಅಂಗಾಲು ನೋಯುತ್ತದೆ, ಕಲ್ಲು ತಗುಲಿದರೆ ಬೆರಳಿಗೆ ರಕ್ಷಣೆಯಿಲ್ಲ, ಒದ್ದೆಯಾದರೆ ಬಟ್ಟೆ ನೀರು ಹೀರಿಕೊಳ್ಳುತ್ತದೆ.

ಅಂಗಡಿಯಲ್ಲಿ ಪರೀಕ್ಷೆ

ಸಾಧ್ಯವಾದರೆ ನಿಮ್ಮ ಪೆಡಲನ್ನೇ ಬಿಚ್ಚಿಕೊಂಡು ಅಂಗಡಿಗೆ ಹೋಗಿ. ಎಡಗಡೆಯ ಪೆಡಲಿನ ಮರೆ ಉಲ್ಟಾ ಇರುತ್ತದೆಂಬುದು ಮಾತ್ರ ನೆನಪಿರಲಿ. ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಅದು ಸಡಿಲಾಗುತ್ತದೆ. ಶೂವಿನ ಅಡಿಯನ್ನು ಪೆಡಲಿಗೆ ಒತ್ತಿ ಹಿಡಿದು ತಿರುಚಲು ಯತ್ನಿಸಿ. ಸಲೀಸಾಗಿ ಜಾರಿದರೆ ಆ ಶೂ ಬೇಡ. ಪೆಡಲು ಒಯ್ಯಲಾಗದಿದ್ದರೆ ಸೋಲಿಗೆ ಹೆಬ್ಬೆರಳಿನ ಉಗುರನ್ನು ಬಲವಾಗಿ ಒತ್ತಿ ನೋಡಿ. ಉಗುರು ಇಳಿಯಬೇಕು, ಅದರ ಗುರುತು ಮೆಲ್ಲಗೆ ಅಳಿಯಬೇಕು.

ರಬ್ಬರಿನ ಗಡಸುತನವನ್ನು ಶೋರ್ ಎ ಎಂಬ ಮಾನದಲ್ಲಿ ಅಳೆಯುತ್ತಾರೆ. ಅಂಕಿ ಕಡಿಮೆಯಾದಷ್ಟೂ ರಬ್ಬರು ಮೆದು. ಆದರೆ ಪುಟಿತದ ಗುಣವನ್ನು ಆ ಅಂಕಿ ಹೇಳದು. ಹಾಗಾಗಿ ಅದೊಂದನ್ನೇ ನೆಚ್ಚಬಾರದು.

ಪೆಡಲಿನ ಮೇಲೆ ಕೂರುವ ನಡುಭಾಗದಲ್ಲಿ ವಿನ್ಯಾಸ ತೆಳುವಾಗಿ, ಹತ್ತಿರ ಹತ್ತಿರವಾಗಿರಬೇಕು. ಚುಕ್ಕೆಯೋ ಷಟ್ಕೋನವೋ ಎಂಬುದು ದೊಡ್ಡ ವಿಷಯವಲ್ಲ. ಸೈಕಲ್ ತಳ್ಳಿಕೊಂಡು ಹತ್ತುವಾಗ ಸಹಾಯಕವಾಗಲೆಂದು ತುದಿಯಲ್ಲಿ ಮತ್ತು ಹಿಮ್ಮಡಿಯಲ್ಲಿ ಮಾತ್ರ ಆಳವಾದ ಹಲ್ಲು ಕೊಟ್ಟ ಮಾದರಿಗಳಿವೆ. ಕೆಸರಿನ ದಾರಿ ತುಳಿಯುವವರಿಗೆ ಅವು ಒಳ್ಳೆಯವು.

ಅತಿ ಹಿಡಿತವೂ ತೊಂದರೆಯೇ ಎಂಬುದನ್ನು ಹೊಸಬರಿಗೆ ಹೇಳಲೇಬೇಕು. ಅತ್ಯಂತ ಮೆದು ರಬ್ಬರು ಚೂಪಾದ ಪಿನ್ನಿನ ಮೇಲೆ ಕುಳಿತರೆ ಪಾದವನ್ನು ಸರಿಸಲಾಗದು. ಪೂರ್ತಿ ಎತ್ತಿ ಮತ್ತೆ ಇಡಬೇಕು. ಇದು ಅಭ್ಯಾಸವಾಗುವವರೆಗೆ ಗಾಬರಿ ಹುಟ್ಟಿಸುತ್ತದೆ. ಮಧ್ಯಮ ಹಿಡಿತದ ಶೂವಿನಿಂದ ಆರಂಭಿಸುವುದರಲ್ಲಿ ಅವಮಾನವೇನಿಲ್ಲ. ಮೆದು ರಬ್ಬರು ಬೇಗ ಸವೆಯುತ್ತದೆಂಬುದೂ ಲೆಕ್ಕಕ್ಕೆ ಬರಬೇಕು.

ಇನ್ನು ಗಟ್ಟಿತನ. ಶೂವನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿ. ಬೆರಳುಗಳ ಬುಡದಲ್ಲಿ ಬಾಗಬೇಕು, ಅಂಗಾಲಿನ ಕಮಾನಿನಲ್ಲಿ ಬಾಗಬಾರದು. ತೀರ ಮೆತ್ತಗಿದ್ದರೆ ಪಾದ ಪೆಡಲಿನ ಅಂಚುಗಳ ಮೇಲೆ ಬಾಗಿ ದೀರ್ಘ ಏರಿನಲ್ಲಿ ಸೆಳೆತ ಬರುತ್ತದೆ. ಹಲಗೆಯಂತಿದ್ದರೆ ಸೋಲು ಪೆಡಲನ್ನು ಅಪ್ಪಿಕೊಳ್ಳದೆ ಹಿಡಿತ ಕುಗ್ಗುತ್ತದೆ.

ಅಳತೆ ಮತ್ತು ಮೇಲ್ಭಾಗ

ದಿನದ ಓಡಾಟದಿಂದ ಪಾದ ತುಸು ಊದಿಕೊಳ್ಳುವುದರಿಂದ ಸಂಜೆಯ ಹೊತ್ತು, ಸವಾರಿಗೆ ಹಾಕುವ ಕಾಲುಚೀಲವನ್ನೇ ತೊಟ್ಟು ಅಳತೆ ನೋಡಬೇಕು. ಅತಿ ಉದ್ದದ ಬೆರಳಿನ ಮುಂದೆ ಸುಮಾರು 1 ಸೆಂಟಿಮೀಟರ್ ಜಾಗವಿರಲಿ. ಆದರೆ ಹಿಮ್ಮಡಿ ಏಳಬಾರದು. ಶೂವಿನೊಳಗೆ ಪಾದ ಜಾರಿದರೆ ಹೊರಗಿನ ರಬ್ಬರು ಎಷ್ಟು ಹಿಡಿದರೇನು? ನಮ್ಮಲ್ಲಿ ಬ್ರಿಟಿಷ್ ಅಳತೆ ಹೆಚ್ಚು ಬಳಕೆಯಲ್ಲಿದ್ದರೆ, ಆಮದು ಶೂಗಳ ಮೇಲೆ ಅಮೆರಿಕದ ಅಥವಾ ಯುರೋಪಿನ ಅಂಕಿ ಇರುತ್ತದೆ. ಆನ್‌ಲೈನಿನಲ್ಲಿ ತರಿಸುವವರು ಪಾದವನ್ನು ಕಾಗದದ ಮೇಲಿಟ್ಟು ಗುರುತು ಮಾಡಿ, ಸೆಂಟಿಮೀಟರಿನಲ್ಲಿ ಅಳೆದು, ಕಂಪನಿಯ ಪಟ್ಟಿಯೊಂದಿಗೆ ಹೋಲಿಸುವುದು ಕ್ಷೇಮ.

ಮುಂತುದಿ ಗಟ್ಟಿಯಾಗಿರಲಿ. ಕ್ರ್ಯಾಂಕ್ ಬಡಿಯುವ ಒಳಗಡೆಯ ಹರಡಿನ ಬಳಿ ದಿಂಬು ಇದ್ದರೆ ಅನುಕೂಲ. ಲೇಸಿನ ತುದಿ ಚೈನಿಗೆ ಸಿಕ್ಕದಂತೆ ಬಂಧಿಸುವ ಎಲಾಸ್ಟಿಕ್ ಪಟ್ಟಿ ಸಣ್ಣ ವಿಷಯವೆಂದು ತೋರಬಹುದು. ಬಲಗಾಲಿನ ಲೇಸು ಒಮ್ಮೆ ಚೈನಿಗೆ ಸುತ್ತಿಕೊಂಡವರಿಗೆ ಅದರ ಬೆಲೆ ಗೊತ್ತು. ಮಲೆನಾಡಿನ ಮಳೆಗಾಲದಲ್ಲಿ ಸವಾರಿ ಮಾಡುವವರು ದಪ್ಪ ದಿಂಬಿನ ಶೂಗಿಂತ ನೀರು ಬಸಿದುಹೋಗುವ, ಬೇಗ ಒಣಗುವ ಮಾದರಿ ಹುಡುಕಬೇಕು. ನೀರು ಒಳಬಾರದೆಂಬ ಭರವಸೆಯ ಶೂಗಳಲ್ಲಿ ಕಂಠದಿಂದ ಇಳಿದ ನೀರು ಹೊರಹೋಗುವುದೂ ಇಲ್ಲ.

ಹಣ ಎಲ್ಲಿ ಹಾಕಬೇಕು?

ಸೈಕಲ್ಲಿನ ಜೊತೆ ಬರುವ ಪೆಡಲಿನಲ್ಲಿ ಪಿನ್ನುಗಳಿಲ್ಲದೆ ಕೇವಲ ಪ್ಲಾಸ್ಟಿಕ್ಕಿನ ಉಬ್ಬುಗಳಿದ್ದರೆ ಎಂಥ ಶೂ ಕೊಂಡರೂ ಹಣ ಅರ್ಧ ವ್ಯರ್ಥ. ಮೊದಲು ಲೋಹದ ಪಿನ್ನುಳ್ಳ ಪೆಡಲು ಹಾಕಿಸಿ. ದುಬಾರಿ ಅಲ್ಯೂಮಿನಿಯಂ ಬೇಕೆಂದಿಲ್ಲ. ನೈಲಾನ್ ಹಲಗೆಗೆ ಲೋಹದ ಪಿನ್ ಇದ್ದರೆ ಸಾಕು. ಅನಂತರ ಶೂ. ಬಜೆಟ್ ಉಳಿದರೆ ಕಣಕಾಲಿಗೆ ಗಾರ್ಡ್. ಪಿನ್ ಚುಚ್ಚಿದ ಗಾಯಕ್ಕೆ ಮಣ್ಣು ಸೇರಿರುತ್ತದೆ. ಚೆನ್ನಾಗಿ ತೊಳೆದು, ಧನುರ್ವಾಯು ಲಸಿಕೆಯ ಅವಧಿ ಮೀರಿದ್ದರೆ ವೈದ್ಯರನ್ನು ಕಾಣಬೇಕು.

ಶೂ ಮಾಡಲಾಗದ ಕೆಲಸವೂ ಒಂದಿದೆ. ಒರಟು ದಾರಿಯಲ್ಲಿ ಹಿಮ್ಮಡಿಯನ್ನು ಪೆಡಲಿಗಿಂತ ತಗ್ಗಿಸಿ, ಮಂಡಿ ಸಡಿಲಿಸಿ, ಭಾರವನ್ನೆಲ್ಲ ಪಾದಕ್ಕೆ ಬಿಡುವ ಅಭ್ಯಾಸ ಸವಾರನೇ ಮಾಡಿಕೊಳ್ಳಬೇಕು. ಬೆರಳ ತುದಿಯ ಮೇಲೆ ನಿಂತವನನ್ನು ಯಾವ ರಬ್ಬರೂ ಹಿಡಿದಿಡದು.

ಆರೈಕೆ

ಒದ್ದೆಯಾದ ಶೂವನ್ನು ಬಿಸಿಲಿಗೆ ಅಥವಾ ಹೀಟರಿನ ಮುಂದೆ ಇಡಬೇಡಿ. ಶಾಖಕ್ಕೆ ಅಂಟು ಸಡಿಲಗೊಂಡು ಸೋಲು ಬಿಟ್ಟುಕೊಳ್ಳುತ್ತದೆ. ಬೇಸಿಗೆಯಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿಯೂ ಇದೇ ಕೆಲಸ ಮಾಡುತ್ತದೆ. ಒಳಪದರ ತೆಗೆದು, ಕಾಗದ ತುರುಕಿ, ನೆರಳಿನಲ್ಲಿ ಗಾಳಿಗೆ ಇಟ್ಟರೆ ಸಾಕು. ಈ ಕೆಲಸಕ್ಕೆ ಹಳೆಯ ದಿನಪತ್ರಿಕೆಯಷ್ಟು ಒಳ್ಳೆಯ ಕಾಗದ ಮತ್ತೊಂದಿಲ್ಲ, ಅದನ್ನು ಮಾತ್ರ ಈ ಪುಟದಿಂದ ಪಡೆಯಲಾಗದು. ರಿಯಾಯಿತಿಯಲ್ಲಿ ಸಿಗುವ ಬಹು ಹಳೆಯ ದಾಸ್ತಾನಿನ ಶೂಗಳಲ್ಲಿ ರಬ್ಬರು ಗಡುಸಾಗಿ, ಅಂಟು ಒಣಗಿರಬಹುದು. ಕೊಳ್ಳುವ ಮುನ್ನ ಸೋಲಿನ ಅಂಚನ್ನು ಎಳೆದು ನೋಡಿ.

ಪಿನ್ನುಗಳು ಒಂದೇ ಜಾಗದಲ್ಲಿ ಕಚ್ಚಿ ಕಚ್ಚಿ ಸೋಲಿನಲ್ಲಿ ಗುಳಿಗಳು ಬೀಳುವುದು ಸಹಜ. ಗುಳಿಗಳು ಒಂದಕ್ಕೊಂದು ಕೂಡಿ ರಬ್ಬರು ತುಂಡಾಗಿ ಕಿತ್ತುಬರತೊಡಗಿದಾಗ, ಇಲ್ಲವೆ ಒಳಗಿನ ಫೋಮು ಇಣುಕಿದಾಗ, ಮೇಲ್ಭಾಗ ಎಷ್ಟೇ ಹೊಸದಾಗಿ ಕಂಡರೂ ಆ ಜೋಡಿಯನ್ನು ಪೇಟೆಯ ಓಡಾಟಕ್ಕೆ ಇಟ್ಟುಕೊಳ್ಳಿ, ಗುಡ್ಡಕ್ಕೆ ಬೇಡ.