ಆಂಟಿಗುವಾ ದ್ವೀಪದ ಹಡಗುಕಟ್ಟೆ

ಕಟ್ಟಡಗಳಿಗೆ ಅವುಗಳನ್ನು ಕಟ್ಟಿಸಿದ ಪ್ರಭುವಿನ ಹೆಸರು ನಿಲ್ಲುವುದು ಲೋಕರೂಢಿ. ಆದರೆ ಕಟ್ಟಿಸದೆಯೂ ಕಟ್ಟದೆಯೂ, ಕೆಲವು ಕಾಲ ಮಾತ್ರ ಬಂದು ಇದ್ದು ಹೋದವನ ಹೆಸರನ್ನು ಧರಿಸಿರುವ ಸ್ಥಳವೊಂದು ಕೆರಿಬಿಯನ್ ಸಮುದ್ರದ ಆಂಟಿಗುವಾ ದ್ವೀಪದಲ್ಲಿರುವುದು. ಅದೇ ನೆಲ್ಸನ್ನನ ಹಡಗುಕಟ್ಟೆ.

ಈ ದ್ವೀಪದ ದಕ್ಷಿಣ ತೀರದಲ್ಲಿ ಇಂಗ್ಲಿಷ್ ಹಾರ್ಬರ್ ಎಂಬ ಬಂದರಿದೆ. ಸುತ್ತಲೂ ಗುಡ್ಡಗಳು, ಸಮುದ್ರದ ಕಡೆಗೆ ಕಿರಿದಾದ ಬಾಯಿ. ಚಂಡಮಾರುತಕ್ಕೆ ಹೆದರಿದ ನಾವೆಗಳಿಗೆ ಇದಕ್ಕಿಂತಲೂ ಒಳ್ಳೆಯ ಆಶ್ರಯವು ದುರ್ಲಭ. ಹದಿನೆಂಟನೆಯ ಶತಮಾನದಲ್ಲಿ ಈ ದ್ವೀಪಗಳ ಸಕ್ಕರೆಯು ಆಂಗ್ಲರಿಗೂ ಫ್ರೆಂಚರಿಗೂ ಐಶ್ವರ್ಯದ ಮೂಲವಾಗಿದ್ದು, ಅದರ ನಿಮಿತ್ತ ಅವರಲ್ಲಿ ಮೇಲಿಂದಮೇಲೆ ಯುದ್ಧಗಳಾಗುತ್ತಿದ್ದುವು. ಅಲ್ಲಿನ ಬೆಚ್ಚನೆಯ ನೀರಿನಲ್ಲಿ ಮರವನ್ನು ಕೊರೆಯುವ ಹುಳುಗಳು ಹಡಗುಗಳ ತಳವನ್ನು ತಿಂದುಹಾಕುತ್ತಿದ್ದುವು. ದುರಸ್ತಿಗಾಗಿ ಪ್ರತಿಸಲವೂ ಸಾಗರವನ್ನು ದಾಟಿ ಸ್ವದೇಶಕ್ಕೆ ಹೋಗುವುದು ಯುದ್ಧಕಾಲದಲ್ಲಿ ಸಾಧ್ಯವೆ? ಆದಕಾರಣ 1720ರ ದಶಕದಲ್ಲಿ ಆಂಗ್ಲ ನೌಕಾಸೈನ್ಯವು ಇಲ್ಲಿ ಹಡಗುಕಟ್ಟೆಯನ್ನು ಆರಂಭಿಸಿತು.

ಹಡಗಿನ ಭಾರವನ್ನೆಲ್ಲ ಇಳಿಸಿ, ಅದರ ಕೂವೆಮರಗಳಿಗೆ ಹಗ್ಗಗಳನ್ನು ಬಿಗಿದು, ದಡದಲ್ಲಿ ನೆಟ್ಟ ತಿರುಗುಗಂಬಗಳಿಗೆ ಅವುಗಳನ್ನು ಸುತ್ತಿ, ಹಡಗನ್ನು ಒಂದು ಮಗ್ಗುಲಿಗೆ ಒರಗಿಸುವರು. ಮೇಲೆದ್ದ ತಳವನ್ನು ಕೆರೆದು, ಸಂದುಗಳನ್ನು ಮುಚ್ಚಿ, ಆಮೇಲೆ ಇನ್ನೊಂದು ಮಗ್ಗುಲಿನ ಸರದಿ. ಈ ಕಾರ್ಯಕ್ಕೆ ಬೇಕಾದ ಉಗ್ರಾಣಗಳೂ ಕಾರ್ಯಾಗಾರಗಳೂ ಬಂದರಿನ ಅಂಚಿನಲ್ಲಿ ಎದ್ದುವು. ರಕ್ಷಣೆಗಾಗಿ ಗುಡ್ಡಗಳ ಮೇಲೆ ಕೋಟೆಗಳೂ ಸೈನಿಕರ ವಸತಿಗಳೂ ನಿಂತುವು.

ಇವುಗಳನ್ನು ಕಟ್ಟಿದವರು ಯಾರು? ಆಫ್ರಿಕದಿಂದ ಸೆರೆಹಿಡಿದು ತಂದು ಮಾರಲ್ಪಟ್ಟ ಗುಲಾಮರು ಮತ್ತು ಅವರ ಸಂತತಿಯವರು. ಕಬ್ಬಿನ ತೋಟಗಳ ಒಡೆಯರು ತಮ್ಮ ಗುಲಾಮರನ್ನು ಈ ಕೆಲಸಕ್ಕೆ ಕಳುಹಿಸುತ್ತಿದ್ದರು. ಕಲ್ಲು ಹೊರುವುದಷ್ಟೇ ಅಲ್ಲ, ಬಡಗಿತನ ಕಮ್ಮಾರಿಕೆಗಳಲ್ಲಿಯೂ ಅವರಲ್ಲಿ ಅನೇಕರು ನಿಪುಣರಾದರು. ತಮ್ಮನ್ನು ದಾಸ್ಯದಲ್ಲಿಟ್ಟವರ ಸಂಪತ್ತನ್ನು ಕಾಯುವ ಕೋಟೆಯನ್ನು ತಾವೇ ಕಟ್ಟಬೇಕಾಗಿ ಬಂದುದು ಅವರ ದುರ್ದೈವ. 1834ರಲ್ಲಿ ಅವರಿಗೆ ಬಿಡುಗಡೆಯಾಗುವ ವೇಳೆಗೆ ಹಡಗುಕಟ್ಟೆಗೆ ನೂರು ವರ್ಷಗಳು ಮೀರಿದ್ದುವು.

ನೆಲ್ಸನ್ನನಾದರೋ 1784ರಿಂದ 1787ರವರೆಗೆ ಬೋರಿಯಸ್ ಎಂಬ ಹಡಗಿನ ನಾಯಕನಾಗಿ ಈ ಪ್ರಾಂತದಲ್ಲಿದ್ದನು. ಅಮೆರಿಕದ ಹಡಗುಗಳ ವ್ಯಾಪಾರವನ್ನು ಕಾನೂನಿನಂತೆ ತಡೆದು, ಸ್ಥಳದ ವರ್ತಕರ ದ್ವೇಷಕ್ಕೆ ಪಾತ್ರನಾದನು. 1805ರಲ್ಲಿ ಟ್ರಫಾಲ್ಗರ್ ಕದನದಲ್ಲಿ ಗೆದ್ದು ಮಡಿದ ಅವನ ಕೀರ್ತಿಯೇ ಮುಂದೆ ಈ ಸ್ಥಳಕ್ಕೂ ಅಂಟಿತು.

ಉಗಿಹಡಗುಗಳ ಕಾಲ ಬಂದಮೇಲೆ ಬಂದರಿನ ಪ್ರಯೋಜನವು ಕುಗ್ಗಿ, 1889ರಲ್ಲಿ ನೌಕಾಸೈನ್ಯವು ಇದನ್ನು ತೊರೆಯಿತು. ಪಾಳುಬಿದ್ದ ಕಟ್ಟಡಗಳ ಜೀರ್ಣೋದ್ಧಾರಕ್ಕಾಗಿ 1951ರಲ್ಲಿ ಒಂದು ಸಂಘವು ಹುಟ್ಟಿತು. 1961ರಲ್ಲಿ ಹಡಗುಕಟ್ಟೆಯು ಮತ್ತೆ ತೆರೆಯಿತು. ಈಗ ಅಲ್ಲಿ ವಿಹಾರನೌಕೆಗಳು ತಂಗುತ್ತವೆ. ತಾಮ್ರ ಮತ್ತು ಮರವನ್ನಿಡುತ್ತಿದ್ದ ಉಗ್ರಾಣವು ಪ್ರವಾಸಿಗಳ ವಸತಿಗೃಹವಾಗಿ ಮಾರ್ಪಟ್ಟಿತು. ಹಾಯಿಗಳ ಮಾಳಿಗೆಯನ್ನು ಹೊತ್ತಿದ್ದ ದಪ್ಪನೆಯ ಕಲ್ಲುಗಂಬಗಳು ಮಾತ್ರ ಮಾಡಿಲ್ಲದೆ ನಿಂತಿವೆ.

2016ರಲ್ಲಿ ಯುನೆಸ್ಕೊ ಸಂಸ್ಥೆಯು ಇದನ್ನು ವಿಶ್ವಪರಂಪರೆಯ ತಾಣಗಳಲ್ಲಿ ಸೇರಿಸಿತು. ಆ ಪಟ್ಟಿಯಲ್ಲಿರುವುದು ಆಂಟಿಗುವಾದ ನೌಕಾ ಹಡಗುಕಟ್ಟೆಯೆಂಬ ಹೆಸರು. ಅಲ್ಲಿ ನೆಲ್ಸನ್ನನ ಹೆಸರಿಲ್ಲ. ಗುಲಾಮರ ದುಡಿಮೆಯಿಲ್ಲದೆ ಇದರ ನಿರ್ಮಾಣವು ಸಾಧ್ಯವಾಗುತ್ತಿರಲಿಲ್ಲವೆಂಬುದನ್ನು ಅಲ್ಲಿ ಸ್ಪಷ್ಟವಾಗಿ ಒಪ್ಪಲಾಗಿದೆ. ಜೀರ್ಣೋದ್ಧಾರವು ಗೋಡೆಗಳಿಗೆ ಮಾತ್ರ ಸಲ್ಲತಕ್ಕುದಲ್ಲ. ಕಟ್ಟಿದವರ ನೆನಪಿಗೂ ಸಲ್ಲಬೇಕು. ಆ ಕೆಲಸವು ಈ ದ್ವೀಪದಲ್ಲಿ ತಡವಾಗಿಯಾದರೂ ಮೊದಲಾಗಿದೆ.