ನೋವಿಗೆ ದುಭಾಷಿ: ಮುಂಬಯಿ ಕನ್ನಡಿಗರ ಕ್ಯಾನ್ಸರ್ ಆರೈಕೆಯಲ್ಲಿ ಗೆಳೆಯನ ಸ್ಥಾನ

1948ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಡೇವಿಡ್ ತಾಸ್ಮಾ ಎಂಬ ಪೋಲೆಂಡಿನ ಯಹೂದಿಯೊಬ್ಬರು ಕ್ಯಾನ್ಸರಿನಿಂದ ತೀರಿಕೊಂಡರು. ಹೋಟೆಲಿನಲ್ಲಿ ಮಾಣಿಯಾಗಿದ್ದವರು, ಆ ಊರಿನಲ್ಲಿ ಅವರಿಗೆ ತಮ್ಮವರೆನ್ನುವವರು ಇರಲಿಲ್ಲ. ಕೊನೆಯ ವಾರಗಳಲ್ಲಿ ಅವರ ಹಾಸಿಗೆಯ ಬಳಿ ಕೂತು ಮಾತಾಡಿದವರು ಸಿಸಿಲಿ ಸಾಂಡರ್ಸ್ ಎಂಬ ಸಮಾಜಕಾರ್ಯಕರ್ತೆ. ತಾಸ್ಮಾ ಸಾಂಡರ್ಸ್ ಹೆಸರಿಗೆ 500 ಪೌಂಡ್ ಬಿಟ್ಟುಹೋದರು. ಸಾಂಡರ್ಸ್ ಮುಂದೆ ವೈದ್ಯೆಯಾಗಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಎಂಬ, ಕೊನೆಗಾಲದ ರೋಗಿಗಳ ಆರೈಕೆಮನೆ ತೆರೆದರು.

ಉಪಶಾಮಕ ಆರೈಕೆಯ (ಪ್ಯಾಲಿಯೇಟಿವ್ ಕೇರ್) ಚರಿತ್ರೆಯಲ್ಲಿ ಮತ್ತೆಮತ್ತೆ ಬರುವ ಪ್ರಸಂಗ ಇದು. ಮುಂಬಯಿ ಕನ್ನಡಿಗರಿಗೆ ಮಾತ್ರ ಇದು ಮನೆಯ ಕತೆಯೇ. ಊರು ಬಿಟ್ಟು ಬಂದು ಉಡುಪಿ ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿ, ಒಂದೇ ಖೋಲಿಯಲ್ಲಿ ಏಳೆಂಟು ಜನ ಮಲಗಿ ಬೆಳೆದ ತಲೆಮಾರಿಗೆ ಗೆಳೆಯನೇ ಬಳಗವಾಗಿದ್ದ. ಜಯಂತ ಕಾಯ್ಕಿಣಿಯವರ ಮುಂಬಯಿ ಕತೆಗಳಲ್ಲಿ ರಕ್ತಸಂಬಂಧವಿಲ್ಲದವರು ಒಬ್ಬರಿಗೊಬ್ಬರು ಆಗುವುದು ಬರಿಯ ಕಲ್ಪನೆಯಲ್ಲ. ರೋಗ ಬಲಿತ ಮೇಲೆ ಅಂಥ ಗೆಳೆಯ ನಿಜವಾಗಿ ಮಾಡುವ ಕೆಲಸ ಯಾವುದು, ಅದಕ್ಕೆ ಆಸ್ಪತ್ರೆ ಮತ್ತು ಕಾನೂನು ಯಾವ ಹೆಸರು ಕೊಟ್ಟಿವೆ ಎಂಬುದು ಈ ಲೇಖನದ ಪ್ರಶ್ನೆ.

ಸರ್ ದೊರಾಬ್ಜಿ ಟಾಟಾ ಟ್ರಸ್ಟ್ ಪರೇಲಿನಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆ ತೆರೆದದ್ದು 1941ರ ಫೆಬ್ರವರಿ 28ರಂದು. 1962ರಿಂದ ಅದು ಅಣುಶಕ್ತಿ ಇಲಾಖೆಯ ಆಡಳಿತದಲ್ಲಿದೆ. ದೇಶದ ಮೂಲೆಮೂಲೆಯಿಂದ ಜನ ಬರುವ ಈ ಆಸ್ಪತ್ರೆಯ ಸುತ್ತಲಿನ ಫುಟ್‌ಪಾತ್‌ಗಳಲ್ಲಿ, ದಾದರಿನ ಗಾಡ್ಗೆ ಮಹಾರಾಜ್ ಧರ್ಮಶಾಲೆಯಲ್ಲಿ, ರೋಗಿಯ ಪಕ್ಕದಲ್ಲಿ ಯಾವಾಗಲೂ ಇನ್ನೊಬ್ಬರು ಇರುತ್ತಾರೆ. ಫೈಲು ಅವರ ಕೈಯಲ್ಲಿರುತ್ತದೆ. ಸರದಿಯಲ್ಲಿ ನಿಲ್ಲುವವರು, ರಿಪೋರ್ಟು ತರುವವರು, ನೀರಿನ ಬಾಟಲಿ ತುಂಬಿಸುವವರು ಅವರೇ. ರೈಲ್ವೆಯ ರಿಯಾಯಿತಿ ನಿಯಮ ಇವರನ್ನು ಬರಿಯ ‘ಜೊತೆಗಾರ’ ಎನ್ನುತ್ತದೆ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ದರ್ಜೆಯಲ್ಲಿ ಪೂರ್ತಿ, ಜೊತೆಗಾರನಿಗೆ ಶೇ. 75 ರಿಯಾಯಿತಿ. ಇಷ್ಟು ಸರಳವಾದ, ಇಷ್ಟು ಸರಿಯಾದ ಪದ ಬೇರೆ ಯಾವ ದಾಖಲೆಯಲ್ಲೂ ನನಗೆ ಕಂಡಿಲ್ಲ.

ಜೊತೆಗಾರನ ಕೆಲಸಗಳಲ್ಲಿ ಅತಿ ಮುಖ್ಯವಾದದ್ದು ಭಾಷೆಯದು. ವೈದ್ಯರು ಕೇಳುವುದು ಹಿಂದಿಯಲ್ಲೋ ಮರಾಠಿಯಲ್ಲೋ: ದರ್ದ್ ಹೈ? ಹತ್ತಕ್ಕೆ ಎಷ್ಟು? ನಲವತ್ತು ವರ್ಷ ಮುಂಬಯಿಯಲ್ಲಿ ಬಾಳಿದವರಿಗೂ ಕಾಯಿಲೆಯಲ್ಲಿ ಬಾಯಿಗೆ ಬರುವುದು ತಾಯಿನುಡಿ. ಉರಿ, ಜೋಮು, ಸೆಳೆತ, ಕೊರೆತ, ಸಿಡಿತ, ಹಿಂಡಿದ ಹಾಗೆ, ಶಾಕ್ ಹೊಡೆದ ಹಾಗೆ — ಇವೆಲ್ಲ ‘ದರ್ದ್’ ಎಂಬ ಒಂದೇ ಚೀಲದಲ್ಲಿ ಕಳೆದುಹೋಗುತ್ತವೆ. ಇದು ಪದಕೋಶದ ಸೂಕ್ಷ್ಮವಷ್ಟೇ ಅಲ್ಲ. ಉರಿ, ಜೋಮು, ಶಾಕ್ ಎಂಬ ಮಾತುಗಳು ಗೆಡ್ಡೆ ನರವನ್ನು ಒತ್ತುತ್ತಿರುವುದರ ಸೂಚನೆಯಾಗಿರಬಹುದು. ಅಂಥ ನೋವಿಗೆ ಗಾಬಾಪೆಂಟಿನ್, ಅಮಿಟ್ರಿಪ್ಟಿಲಿನ್‌ನಂಥ ಬೇರೆ ಮದ್ದುಗಳಿವೆ. ಹಿಂಡಿದ ಹಾಗೆ ಬಂದುಹೋಗುವ ನೋವು ಕರುಳಿನ ಕಡೆ ಬೆರಳು ತೋರಿಸುತ್ತದೆ. ರಾತ್ರಿಯಿಡೀ ಒಂದೇ ಜಾಗದಲ್ಲಿ ಕೊರೆಯುವುದು ಎಲುಬಿನದಾಗಿರಬಹುದು.

ಒಂದು ಪದವನ್ನು ಹತ್ತಿರದಿಂದ ನೋಡೋಣ. ನನಗೆ ಆಪ್ತರಾಗಿದ್ದ ಹಿರಿಯರೊಬ್ಬರು ಕೊನೆಯ ತಿಂಗಳಲ್ಲಿ ಬೆಳಿಗ್ಗೆ ಎದ್ದೊಡನೆ ಎದೆಯ ಕೆಳಗೆ ಕೈಯಿಟ್ಟು “ಸಂಕಟ ಆಗ್ತದೆ ಮಾರಾಯ” ಎನ್ನುತ್ತಿದ್ದರು. ಮರಾಠಿ ಕಿವಿಗೆ ‘ಸಂಕಟ್’ ಎಂದರೆ ಗಂಡಾಂತರ, ವಿಪತ್ತು. ಆರೈಕೆಗೆ ಬಂದ ಸಿಸ್ಟರ್ ಅದನ್ನು ಹೆದರಿಕೆ ಎಂದುಕೊಂಡು ಧೈರ್ಯ ಹೇಳಿದರು. ಕರಾವಳಿಯ ಕನ್ನಡದಲ್ಲಿ ಅದು ವಾಂತಿ ಬರುವ ಹಾಗಿನ ತಳಮಳ. ಅದೇ ಪದ ಮನಸ್ಸಿನ ಬೇಗುದಿಗೂ ಸಲ್ಲುತ್ತದೆ. ಅವರಿಗೆ ಎರಡೂ ಇತ್ತು. ಅದನ್ನು ಬಿಡಿಸಿ ಹೇಳಿದವನು ಅವರ ಹಳೆಯ ಖೋಲಿಯ ಸಂಗಾತಿ. ವಾಂತಿ ತಡೆಯುವ ಗುಳಿಗೆಯಿಂದ ಎರಡೇ ದಿನದಲ್ಲಿ ಅವರು ಗಂಜಿ ಕುಡಿದರು. ಉಳಿದ ಸಂಕಟಕ್ಕೆ ಅವನು ದಿನಾ ಸಂಜೆ ಬಂದು ಪಕ್ಕದಲ್ಲಿ ಕೂತ. ದೇಹ, ಮನಸ್ಸು, ಸಂಬಂಧ, ಆತ್ಮ ನಾಲ್ಕನ್ನೂ ಹಿಡಿಯುವ ‘ಸಮಗ್ರ ನೋವು’ ಎಂದು ಸಾಂಡರ್ಸ್ ನಿರೂಪಿಸಿದ್ದಕ್ಕೆ ನಮ್ಮಲ್ಲಿ ಈ ಒಂದೇ ಪದ ಮೊದಲೇ ಇತ್ತು.

ಮಾರ್ಫಿನ್ ವಿಷಯದಲ್ಲೂ ಗೆಳೆಯನ ಮಾತು ತೂಗುತ್ತದೆ. 1985ರ ಮಾದಕವಸ್ತು ಕಾಯ್ದೆಯ ಬಿಗಿಯಿಂದ ದಶಕಗಳ ಕಾಲ ಅದು ಬಹುಪಾಲು ರೋಗಿಗಳ ಕೈಗೆ ಸಿಗಲಿಲ್ಲ. 2014ರ ತಿದ್ದುಪಡಿ ಆ ಗಂಟನ್ನು ಸಡಿಲಿಸಿತು. ಮನೆಯವರ ಭಯ ಸಡಿಲಲಿಲ್ಲ: “ಅದು ಕೊಟ್ಟರೆಂದರೆ ಮುಗಿಯಿತು.” ಬಾಯಿಯ ಮೂಲಕ ಕೊಡುವ ಮಾರ್ಫಿನ್ ಅನ್ನು ವೈದ್ಯರು ಹೇಳಿದ ಹೊತ್ತಿಗೆ, ಸಾಮಾನ್ಯವಾಗಿ ನಾಲ್ಕು ಗಂಟೆಗೊಮ್ಮೆ, ನೋವು ಮರಳುವ ಮೊದಲೇ ಕೊಡಬೇಕು, ಮಲಬದ್ಧತೆಗೆ ಜೊತೆಯಲ್ಲೇ ಮದ್ದು ಬೇಕು. ಗಡಿಯಾರ ನೋಡಿ ಪುಸ್ತಕದಲ್ಲಿ ಬರೆದಿಡುವ ಒಬ್ಬರಿದ್ದರೆ ಅರ್ಧ ಕಷ್ಟ ಕಡಿಮೆ. “ಧೈರ್ಯವಾಗಿರು, ಎಲ್ಲ ಸರಿಹೋಗ್ತದೆ” ಎಂಬ ಮಾತಿಗಿಂತ ಆ ಪುಸ್ತಕ ದೊಡ್ಡ ಸಾಂತ್ವನ. ರೋಗದ ಹೆಸರನ್ನು ಮನೆಯವರು ಮುಚ್ಚಿಟ್ಟಾಗ ರೋಗಿ ಗುಟ್ಟಾಗಿ ಕೇಳುವುದೂ ಗೆಳೆಯನನ್ನೇ. ಸುಳ್ಳು ಹೇಳದೆ, “ನಿನಗೆ ಏನು ಅನ್ನಿಸ್ತಾ ಇದೆ?” ಎಂದು ತಿರುಗಿ ಕೇಳಿ ಸುಮ್ಮನೆ ಕೂರುವವನೇ ಆಗ ಬೇಕು.

ಕಾನೂನು ಈ ಸಂಬಂಧವನ್ನು ಗುರುತಿಸಿದ್ದು ಒಮ್ಮೆ, ಅದೂ ಪರೇಲಿನದೇ ಒಂದು ಪ್ರಕರಣದಲ್ಲಿ. ಹೊನ್ನಾವರ ತಾಲೂಕಿನ ಹಳದಿಪುರದ ಅರುಣಾ ಶಾನಭಾಗ ಕೆಇಎಂ ಆಸ್ಪತ್ರೆಯ ದಾದಿ; 1973ರ ನವೆಂಬರ್ 27ರ ಹಲ್ಲೆಯ ನಂತರ 2015ರ ಮೇ 18ರವರೆಗೆ ಅದೇ ಆಸ್ಪತ್ರೆಯಲ್ಲಿ ಮಲಗಿದ್ದರು. ಅವರದು ಕ್ಯಾನ್ಸರ್ ಅಲ್ಲ. ಆದರೆ 2011ರ ಮಾರ್ಚ್ 7ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಅವರ ‘ನೆಕ್ಸ್ಟ್ ಫ್ರೆಂಡ್’, ಅಂದರೆ ಅವರ ಪರವಾಗಿ ಮಾತಾಡಬಲ್ಲವರು, ದಯಾಮರಣ ಕೋರಿದ್ದ ಅರ್ಜಿದಾರರಲ್ಲ, ಹಗಲುರಾತ್ರಿ ನೋಡಿಕೊಂಡ ಆಸ್ಪತ್ರೆಯ ಸಿಬ್ಬಂದಿ ಎಂದಿತು. ಆರೈಕೆಯೇ ಅಧಿಕಾರ ಎಂಬ ಈ ತತ್ತ್ವ ಮುಂದಕ್ಕೆ ಸಾಗಲಿಲ್ಲ. 2018ರ ಮಾರ್ಚ್ 9ರ ತೀರ್ಪು ಒಪ್ಪಿದ, 2023ರ ಜನವರಿಯಲ್ಲಿ ಸರಳಗೊಂಡ ‘ಲಿವಿಂಗ್ ವಿಲ್’ನಲ್ಲಿ (ಚಿಕಿತ್ಸೆಯ ಬಗ್ಗೆ ಮುಂಚಿತವಾಗಿ ಬರೆದಿಡುವ ಇಚ್ಛಾಪತ್ರ) ರೋಗಿಯ ಪರ ನಿರ್ಧರಿಸುವವರು ಪಾಲಕರು (ಗಾರ್ಡಿಯನ್) ಅಥವಾ ಹತ್ತಿರದ ಸಂಬಂಧಿಗಳು. ಗೆಳೆಯ ಎಂಬ ಪದ ಅಲ್ಲಿಲ್ಲ. ಅವನು ಸಾಕ್ಷಿಯಾಗಿ ಸಹಿ ಹಾಕಬಹುದು. ಇದು ಕೊರತೆ ಎಂದೇ ನನ್ನ ತೀರ್ಮಾನ.

ಬಾಂದ್ರಾದ ಮೌಂಟ್ ಮೇರಿ ಬಳಿ 1986ರಲ್ಲಿ ಡಾ. ಎಲ್. ಜೆ. ಡಿಸೋಜಾ ಆರಂಭಿಸಿದ ಶಾಂತಿ ಆವೇದನಾ ಸದನ ದೇಶದ ಮೊದಲ ಹಾಸ್ಪಿಸ್. ಕೊನೆಯ ಹಂತದ ಕ್ಯಾನ್ಸರ್ ರೋಗಿಗಳಿಗೆ ಅಲ್ಲಿ ಆರೈಕೆ ಉಚಿತ. ಅಲ್ಲಿಗೂ, ಪರೇಲಿಗೂ ನಮ್ಮವರು ಹೋಗುತ್ತಲೇ ಇದ್ದಾರೆ. ಮುಂಬಯಿಯ ಕನ್ನಡ, ತುಳು ಸಂಘಗಳು ವೈದ್ಯಕೀಯ ನೆರವಿಗೆ ಹಣ ಕೂಡಿಸುವುದರಲ್ಲಿ ಹಿಂದೆ ಬಿದ್ದವಲ್ಲ. ಅವು ಇನ್ನೊಂದು ಕೆಲಸ ಮಾಡಲಿ: ನೋವಿನ ಕನ್ನಡ, ತುಳು ಪದಗಳನ್ನು ಮರಾಠಿ, ಹಿಂದಿ ವಿವರಣೆಯೊಡನೆ ಒಂದು ಹಾಳೆಯಲ್ಲಿ ಅಚ್ಚುಹಾಕಿ ಜೊತೆಗಾರರ ಫೈಲಿಗೆ ಸೇರಿಸಲಿ. ಮೊದಲ ಸಾಲಿನಲ್ಲಿ ‘ಸಂಕಟ’ ಇರಲಿ.